ಹಳೇ ಎಟಿವಿಗೆ ಪವರ್ ಮಾಡಿಫಿಕೇಷನ್ ಮಾಡಿಸ್ಬೋದಾ?

ಮೂಡಿಗೆರೆ_ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಹಳೇ ಪೊಲಾರಿಸ್ 500 ಎಟಿವಿ (ಗುಡ್ಡ, ಕೆಸರಲ್ಲೂ ಓಡೋ ನಾಲ್ಕು ಚಕ್ರದ ಸಣ್ಣ ಗಾಡಿ) ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕಾರ್ಬುರೇಟರ್ ಮಾಡೆಲ್ಲು. ಗೊಬ್ಬರ ಸಾಗ್ಸೋದು, ಬೋರ್ಡೋ ಹೊಡೆಯೋ ಟೈಮಲ್ಲಿ ಡ್ರಮ್ ಎಳೆಯೋದು, ಕೊಯ್ಲಲ್ಲಿ ಹಣ್ಣಿನ ಚೀಲ ಕಣಕ್ಕೆ ತರೋದು ಎಲ್ಲಾ ಅದ್ರಲ್ಲೇ, ಜೀಪು ಹೋಗದ ಕಡೆಗೂ ಹೋಗುತ್ತೆ ಅಂತ ಅಪ್ಪಂಗೆ ಅದನ್ನ ಕೊಡೋಕೆ ಇಷ್ಟ ಇಲ್ಲ. ಈಗೀಗ ಟ್ರೇಲರ್ ಹಾಕಿ ಏರು ಹತ್ತುವಾಗ ಇಂಜಿನ್ ಸೌಂಡ್ ಏರುತ್ತೆ, ಗಾಡಿ ಮಾತ್ರ ಏಳಲ್ಲ. ಫ್ರೆಂಡ್ಸು ಬಿಗ್ ಬೋರ್ ಕಿಟ್ (ದೊಡ್ಡ ಸಿಲಿಂಡರ್, ಪಿಸ್ಟನ್), ಓಪನ್ ಎಕ್ಸಾಸ್ಟು (ಸೌಂಡ್ ತಡೆಯದ ಸೈಲೆನ್ಸರ್), 25 ಇಂಚಿನ ಟೈರ್ ತೆಗ್ದು 27 ಇಂಚಿಂದು ಹಾಕ್ಸು ಅಂತಿದಾರೆ. ಇಷ್ಟು ಹಳೇ ಗಾಡಿಗೆ ಅಷ್ಟು ದುಡ್ಡು ಹಾಕ್ಬೋದಾ? ಗೊತ್ತಿರೋರು ಹೇಳಿ.

ಸಕಲೇಶಪುರ_ಮೆಕ್ಯಾನಿಕ್:
ಸೌಂಡ್ ಏರುತ್ತೆ ಗಾಡಿ ಏಳಲ್ಲ ಅಂದ್ರಲ್ಲ, ಇಂಜಿನ್ ದುಡೀತಾ ಇದೆ ಆದ್ರೆ ಅದು ಚಕ್ರದವರೆಗೆ ಹೋಗ್ತಿಲ್ಲ. ಮೊದ್ಲು ಸಿವಿಟಿ (ಎರಡು ಪುಲ್ಲಿ, ಬೆಲ್ಟ್ ಇರೋ ಆಟೋ ಗೇರ್) ಕವರ್ ಬಿಚ್ಚಿ ನೋಡಿ. ಒಳಗೆಲ್ಲಾ ಕಪ್ಪು ಪುಡಿ ಬಿದ್ದಿದೆಯಾ, ಬೆಲ್ಟಿನ ಪಕ್ಕ ಗಾಜಿನ ಥರ ಹೊಳೀತಿದೆಯಾ, ಯಾವುದಾದ್ರೂ ಒಂದು ಜಾಗದಲ್ಲಿ ಬೆಲ್ಟ್ ಸಣ್ಣ ಆಗಿದೆಯಾ. ಬೆಲ್ಟ್ ಸವೆದು ಅಗಲ ಕಮ್ಮಿ ಆದ್ರೆ ಹಿಂದಿನ ಪುಲ್ಲಿಯಲ್ಲಿ ಕೆಳಗೆ ಕೂರುತ್ತೆ, ಆಗ ನೀವು ಲೋ ರೇಂಜ್ (ನಿಧಾನಕ್ಕೆ ಜಾಸ್ತಿ ಎಳೆಯೋ ಗೇರ್) ಹಾಕಿದ್ರೂ ಸೆಕೆಂಡ್ ಗೇರಲ್ಲಿ ಗಾಡಿ ಎತ್ತಿದಂಗೆ ಆಗುತ್ತೆ. ಸೆಕೆಂಡರಿ ಸ್ಪ್ರಿಂಗ್, ಅಂದ್ರೆ ಹಿಂದಿನ ಪುಲ್ಲಿ ಸ್ಪ್ರಿಂಗ್, ಸೋತಿದ್ರೂ ಏರಲ್ಲಿ ಬೆಲ್ಟ್ ಜಾರುತ್ತೆ. ಟ್ರೇಲರ್ ಇದ್ದಾಗ ಹೈ ರೇಂಜಲ್ಲಿ ಏರು ಹತ್ತಿಸೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಬೆಲ್ಟ್ ಸುಡೋದೇ ಅದ್ರಿಂದ. ಮಳೆಗಾಲದಲ್ಲಿ ಹಳ್ಳ ದಾಟಿ ಕವರ್ ಒಳಗೆ ನೀರು ಹೋದ್ರೂ ಜಾರುತ್ತೆ, ಅದನ್ನೂ ನೋಡಿ.

ಇನ್ನು ಇಂಜಿನ್ನು. ಬರೀ ಕಂಪ್ರೆಷನ್ ಗೇಜ್ ಹಾಕಿ ತೀರ್ಮಾನ ಮಾಡ್ಬೇಡಿ, ಡಿಕಂಪ್ರೆಷನ್ (ಸ್ಟಾರ್ಟ್ ಸುಲಭ ಆಗ್ಲಿ ಅಂತ ಒತ್ತಡ ಬಿಡೋ ವ್ಯವಸ್ಥೆ) ಇರೋ ಇಂಜಿನ್ನಲ್ಲಿ ರೀಡಿಂಗ್ ಕಮ್ಮಿನೇ ತೋರಿಸುತ್ತೆ, ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು) ಮಾಡ್ಸಿ, ವಾಲ್ವ್ ಕ್ಲಿಯರೆನ್ಸ್ ಚೆಕ್ ಮಾಡ್ಸಿ. ಒಳಗೆ ಗಾಳಿ ಸೋರ್ತಿರೋ ಹಳೇ ಇಂಜಿನ್ ಮೇಲೆ ಬಿಗ್ ಬೋರ್ ಕೂರಿಸಿದ್ರೆ ಬಿಸಿ ಜಾಸ್ತಿ, ಬೇರಿಂಗಿಗೆ ಲೋಡ್ ಜಾಸ್ತಿ, ಅಷ್ಟೇ ಸಿಗೋದು. ಟೈರಂತೂ ಬೇಡವೇ ಬೇಡ, 25ರಿಂದ 27ಕ್ಕೆ ಹೋದ್ರೆ ಎಳೆಯೋ ಶಕ್ತಿ ಹತ್ರಹತ್ರ ಶೇ 7ರಷ್ಟು ಹೋಗುತ್ತೆ, ನಿಮಗೆ ಬೇಕಾಗಿರೋದೇ ಆ ಶಕ್ತಿ.

ಆಲ್ದೂರು_ಟ್ರೇಲ್ಸ್:
ಮೆಕ್ಯಾನಿಕ್ ಸರ್ ಹೇಳಿದ್ದು ಕೆಲ್ಸದ ಗಾಡಿಗೆ ಸರಿ. ಭಾನುವಾರ ಟ್ರೇಲ್ ಓಡ್ಸೋಕೆ ಅಂತಾನೇ ಇಟ್ಕೊಂಡಿದ್ರೆ ಎಕ್ಸಾಸ್ಟ್, ಫಿಲ್ಟರ್ ಹಾಕ್ಸೋದ್ರಲ್ಲಿ ತಪ್ಪಿಲ್ಲ, ನಾನೂ ಹಾಕ್ಸಿದೀನಿ, ಖುಷಿ ಇದೆ. ಆದ್ರೆ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪಾರ್ಟು) ಬದಲಾಯಿಸ್ದೆ ಬರೀ ಎಕ್ಸಾಸ್ಟ್ ಹಾಕ್ಬೇಡಿ, ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಆಗಿ (ಲೀನ್) ಇಂಜಿನ್ ಹೆಡ್ ಕಾಯುತ್ತೆ. ಮೇಲಿಂದ ನಮ್ಮದು ಬೆಟ್ಟದ ಸೀಮೆ, 1000 ಮೀಟರ್ ಎತ್ತರಕ್ಕೆ ಶೇ 10ರಷ್ಟು ಪವರ್ ಸುಮ್ನೆ ಹೋಗಿರುತ್ತೆ, ಸಮುದ್ರಮಟ್ಟದ ಜೆಟ್ಟೇ ಇದ್ರೆ ಪೆಟ್ರೋಲ್ ಜಾಸ್ತಿ ಕುಡಿದು ಪ್ಲಗ್ ಕಪ್ಪಾಗುತ್ತೆ. ಪ್ಲಗ್ ಬಿಚ್ಚಿ ಬಣ್ಣ ನೋಡಿ.

ಹಾನುಬಾಳು_ಗೌಡ:
ಹತ್ತೋದರ ಬಗ್ಗೆನೇ ಎಲ್ರೂ ಮಾತಾಡ್ತಿದೀರಿ, ಚೀಲ ತುಂಬಿದ ಟ್ರೇಲರ್ ಹಿಂದೆ ಇಟ್ಕೊಂಡು ಇಳಿಯೋದು ಹೆಂಗೆ ಮಾರಾಯ್ರೆ? ಒದ್ದೆ ಇಳಿಜಾರಲ್ಲಿ ಟ್ರೇಲರ್ ತಳ್ಳುತ್ತೆ, ಗಾಡಿ ಅಡ್ಡ ತಿರುಗುತ್ತೆ. ದುಡ್ಡಿದ್ರೆ ಮೊದ್ಲು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಸಸ್ಪೆನ್ಷನ್ ಬುಷ್ಷಿಗೆ ಹಾಕಿ. ಮತ್ತೆ ಓಪನ್ ಎಕ್ಸಾಸ್ಟ್ ಯಾವ ಕಾರಣಕ್ಕೂ ಬೇಡ. ನಮ್ಮ ಕಡೆ ಕಾಡಾನೆ ಬೆಳಗ್ಗೆ ಹೊತ್ತೂ ತೋಟದೊಳಗೆ ನಿಂತಿರುತ್ತೆ, ರೆಂಬೆ ಮುರಿಯೋ ಶಬ್ದ ಕೇಳಿಸಿದ್ರೆ ತಾನೇ ಗಾಡಿ ನಿಲ್ಸೋದು.

ಮೂಡಿಗೆರೆ_ಹುಡುಗ:
ಥ್ಯಾಂಕ್ಸ್ ಎಲ್ರಿಗೂ. ಕವರ್ ಬಿಚ್ಚಿದೆ, ಪುಡಿ ತುಂಬಾ ಇತ್ತು, ಬೆಲ್ಟ್ ಎರಡೂ ಪಕ್ಕ ಹೊಳೀತಿದೆ, ಮುಂದಿನ ಕ್ಲಚ್ ರೋಲರ್ ಒಂದು ಕಡೆ ಚಪ್ಪಟೆ ಆಗಿದೆ. ಬಿಗ್ ಬೋರ್ ಬಿಟ್ಟೆ. ರೋಲರ್ ಹೆಂಗೂ ಬದಲಾಯಿಸ್ಬೇಕು, ಜೊತೆಗೆ ಆ ಕ್ಲಚ್ಚಿಗೆ ಹಗುರದ ವೆಯ್ಟ್ (ಸ್ಪೀಡ್ ಏರಿದಂಗೆ ಪುಲ್ಲಿ ಒತ್ತೋ ತೂಕ) ಹಾಕ್ಸಿದ್ರೆ ಎಳೆಯೋದು ಜಾಸ್ತಿ ಆಗುತ್ತಾ?

ಸಕಲೇಶಪುರ_ಮೆಕ್ಯಾನಿಕ್:
ಸ್ವಲ್ಪ ಆಗುತ್ತೆ, ಆರ್‌ಪಿಎಂ ಮೇಲೆ ನಿಲ್ಲುತ್ತೆ, ಪೆಟ್ರೋಲ್ ಜಾಸ್ತಿ ಹೋಗುತ್ತೆ. ಆದ್ರೆ ಈಗ್ಲೇ ಬೇಡ. ಒರಿಜಿನಲ್ ಬೆಲ್ಟು, ರೋಲರು, ಎರಡೂ ಸ್ಪ್ರಿಂಗು ಹೊಸದು ಹಾಕಿ, ಪುಲ್ಲಿ ಮುಖ ಆಯಿಲ್ ಇಲ್ಲದಂಗೆ ಒರೆಸಿ, ಹೊಸ ಬೆಲ್ಟಿಗೆ ಮೊದಮೊದ್ಲು ಲೋಡ್ ಹಾಕ್ದೆ ಮೆಲ್ಲಗೆ ಓಡ್ಸಿ. ಆಮೇಲೆ ಅದೇ ಏರಲ್ಲಿ, ಲೋ ರೇಂಜಲ್ಲಿ, ಅಷ್ಟೇ ಚೀಲ ಹಾಕಿ ಹತ್ತಿಸಿ. ಆಗ್ಲೂ ಸಾಲಲ್ಲ ಅನ್ಸಿದ್ರೆ ವೆಯ್ಟ್ ವಿಷಯ ನೋಡೋಣ.