ಏಪ್ರಿಲ್ ರಜಕ್ಕೆ ದುಬೈನಾ ಸಿಂಗಾಪುರನಾ? ಟ್ರಾವೆಲ್ಸ್‌ನವರಿಗೆ ಕೇಳಿ

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು): ಸರ್ ನಮಸ್ಕಾರ, ನಮ್ದು ಅಡಿಕೆ ತೋಟ, ಮನೇಲಿ ನಾವಿಬ್ರು, ಇಬ್ರು ಮಕ್ಳು, ಮತ್ತೆ ಅತ್ತೆ. ಅತ್ತೆಗೆ 68, ಮಂಡಿ ನೋವು, ಆದ್ರೆ ಫಾರಿನ್ ಅಂದ್ರೆ ಎಲ್ರಿಗಿಂತ ಮುಂದೆ ಅವ್ರೇ. ಒಂದೇ ಸಿಟಿಗೆ ಐದಾರು ದಿನ ಹೋಗಿ ಬರೋಣ ಅಂತ ಇದ್ದೀವಿ, ಮನಸ್ಸು ದುಬೈ ಮೇಲೆ. ನೆಟ್ಟಲ್ಲಿ ನೋಡಿದ್ರೆ ನವೆಂಬರಿಂದ ಮಾರ್ಚ್ ಬೆಸ್ಟು ಅಂತಾರೆ, ಆಗ ನಮ್ಮಲ್ಲಿ ಕೊಯ್ಲು, ಅಂಗಳದ ತುಂಬ ಅಡಿಕೆ, ಯಾರೂ ಅಲ್ಲಾಡೋ ಹಂಗಿಲ್ಲ. ಮಕ್ಕಳಿಗೆ ರಜ ಇರೋದು ಏಪ್ರಿಲ್, ಮೇ. ಏನ್ ಮಾಡದು?

ಉತ್ತರ (ಶಿವಮೊಗ್ಗ, ಟ್ರಾವೆಲ್ಸ್): ಅಕ್ಕಾ, ನಮ್ಮ ಕೌಂಟರಿಗೆ ಬರೋ ಹತ್ರತ್ರ ಎಲ್ಲರೂ ಊರು ಮೊದ್ಲು ಫಿಕ್ಸ್ ಮಾಡ್ಕೊಂಡು ಬಂದು ಆಮೇಲೆ ಸೀಸನ್ ಕೇಳ್ತಾರೆ, ಅದನ್ನ ತಿರುಗಿಸಿ ನೋಡಿ. ನಿಮಗೆ ಸಿಗೋ ತಿಂಗಳು ಯಾವ್ದು ಅಂತ ಮೊದ್ಲು ಬರ್ಕಳಿ, ಆ ತಿಂಗಳಿಗೆ ಒಗ್ಗೋ ಊರು ಆಮೇಲೆ ಹುಡುಕೋಣ. ಸ್ಕೂಲ್ ರಜ ಏಪ್ರಿಲ್ ಎರಡನೇ ವಾರಕ್ಕೆ ಶುರು, ಮೇ ಕೊನೆಗೆ ಮಳೆ ಹಿಡಿಯೋ ಮುಂಚೆ ತೋಟಕ್ಕೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯೋ ಗಡಿಬಿಡಿ, ಅಂದ್ರೆ ನಿಮಗೆ ಇರೋದು ಏಪ್ರಿಲ್ ಮಧ್ಯದಿಂದ ಮೇ ಮಧ್ಯ, ಅಷ್ಟೇ.

ಆ ಹೊತ್ತಲ್ಲಿ ದುಬೈ ಬೇಡ. ಏಪ್ರಿಲಲ್ಲೇ ಮಧ್ಯಾಹ್ನ 33 ಡಿಗ್ರಿ ಆಸುಪಾಸು, ಮೇ ತಿಂಗಳಲ್ಲಿ 38 ದಾಟತ್ತೆ. ಮಾಲ್ ಒಳಗೆ ಏಸಿ ಇರತ್ತೆ ನಿಜ, ಆದ್ರೆ ಐದು ದಿನ ಮಾಲ್ ಸುತ್ತಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು ಹೇಳಿ. ಗ್ಲೋಬಲ್ ವಿಲೇಜು (ಜಾತ್ರೆ ತರದ ಮೇಳ), ಮಿರಾಕಲ್ ಗಾರ್ಡನ್ನು (ಹೂವಿನ ತೋಟ) ಎರಡೂ ಬೇಸಿಗೇಲಿ ಬಾಗಿಲು ಹಾಕ್ತವೆ, ನಿಮ್ಮ ತಾರೀಕಿಗೆ ತೆಗೆದಿರತ್ತಾ ಅಂತ ನೋಡ್ಬೇಕು, ಮಕ್ಳು ಕೇಳೋದೇ ಅವನ್ನ. ಮೇ-ಜೂನ್ ಪ್ಯಾಕೇಜ್ ರೇಟ್ ಕಮ್ಮಿ ಇರೋದು ಯಾರೂ ಪುಣ್ಯಕ್ಕೆ ಇಳಿಸಿದ್ದಲ್ಲ, ಆ ಧಗೆಗೇ. ಬ್ಯಾಂಕಾಕ್‌ಗೂ ಏಪ್ರಿಲ್ ಅಂದ್ರೆ ವರ್ಷದ ಅತಿ ಬಿಸಿ ತಿಂಗಳು, ಅದರ ಮೇಲೆ 13ರಿಂದ 15 ಸೊಂಗ್‌ಕ್ರಾನ್ ಹಬ್ಬ, ರಸ್ತೆಲೆಲ್ಲ ನೀರೆರಚಾಟ, ಹುಡುಗ್ರಿಗೆ ಖುಷಿ, ಮಂಡಿ ನೋವಿನವ್ರು ಆ ಒದ್ದೆ ರಸ್ತೇಲಿ ನಡೆಯೋದು ಕಷ್ಟ.

ನಾನು ಹೇಳೋದು ಸಿಂಗಾಪುರ. ಭೂಮಧ್ಯರೇಖೆಗೆ ಹತ್ರ ಇರೋದ್ರಿಂದ ಅಲ್ಲಿ ಬೇಸಿಗೆ ಚಳಿಗಾಲ ಅಂತ ಬೇರೆ ಇಲ್ಲ, ಯಾವಾಗ ಹೋದ್ರೂ ರಾತ್ರಿ 25, ಹಗಲು 32 ಹತ್ರತ್ರ, ಸೆಖೆ ಇದ್ದೇ ಇರತ್ತೆ. ಹಂಗಾಗಿ ಅಲ್ಲಿ ಸೀಸನ್ ಅಂದ್ರೆ ಬಿಸಿಲು ನೋಡೋದಲ್ಲ, ಮಳೆ ಮತ್ತೆ ಜನ ನೋಡೋದು. ಅಲ್ಲಿನ ಸ್ಕೂಲ್ ರಜ ಮಾರ್ಚಲ್ಲಿ ಒಂದು ವಾರ, ಜೂನಲ್ಲಿ ನಾಲ್ಕು ವಾರ, ಸೆಪ್ಟೆಂಬರಲ್ಲಿ ಒಂದು ವಾರ, ಆಮೇಲೆ ನವೆಂಬರ್ ಡಿಸೆಂಬರಲ್ಲಿ ದೊಡ್ಡ ರಜ. ನಮ್ಮ ಏಪ್ರಿಲ್ ರಜದಲ್ಲಿ ಅಲ್ಲಿನ ಮಕ್ಳು ಕ್ಲಾಸಲ್ಲಿ ಕೂತಿರ್ತಾರೆ, ಮೃಗಾಲಯ, ಯೂನಿವರ್ಸಲ್ ಸ್ಟುಡಿಯೋಸ್‌ಗೆ ಲೋಕಲ್ ರಶ್ ಕಮ್ಮಿ, ಶನಿವಾರ ಭಾನುವಾರ ಮತ್ತೆ ಮೇ 1 ಬಿಟ್ರೆ ಆಯ್ತು. ಇದನ್ನ ಜಾಸ್ತಿ ಜನ ಲೆಕ್ಕಕ್ಕೇ ತಗಳಲ್ಲ.

ಕಾಮೆಂಟ್ (ಸಾಗರ): ಏಪ್ರಿಲಲ್ಲಿ ಅಲ್ಲಿ ಮಳೆ ಅಲ್ವಾ ಮಾರಾಯ್ರೆ, ಮಲೆನಾಡಿನವ್ರು ದುಡ್ಡು ಕೊಟ್ಟು ಮಳೆ ನೋಡಕ್ಕೆ ಹೋಗ್ಬೇಕಾ 😄 ಡಿಸೆಂಬರಲ್ಲಿ ಹೋದ್ರೆ ಕ್ರಿಸ್ಮಸ್ ಲೈಟಿಂಗ್ ಆದ್ರೂ ಸಿಗತ್ತೆ.

ಉತ್ತರ: ಹಹ, ಸರಿ. ಆದ್ರೆ ಅಲ್ಲಿ ಹೆಚ್ಚು ಮಳೆ ಬೀಳೋದೇ ನವೆಂಬರ್, ಡಿಸೆಂಬರ್, ಜನವರಿ, ಈಶಾನ್ಯ ಮಾನ್ಸೂನ್, ಕೆಲವು ಸಲ ದಿನಗಟ್ಟಲೆ ಜಿಟಿಜಿಟಿ. ಏಪ್ರಿಲ್ ಮೇ ಮಳೆ ಬೇರೆ ತರ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಮೇತ ಜೋರಾಗಿ ಹೊಡೆದು ಒಂದೆರಡು ಗಂಟೇಲಿ ಬಿಡತ್ತೆ, ನಮ್ಮ ಯುಗಾದಿ ಆದ್ಮೇಲೆ ಬರೋ ಅಡ್ಡಮಳೆ ಇದ್ದಂಗೆ. ಬೆಳಿಗ್ಗೆ ಬೇಗ ಮೃಗಾಲಯ ಅಥವಾ ಬರ್ಡ್ ಪ್ಯಾರಡೈಸ್ (ಜುರಾಂಗ್ ಬರ್ಡ್ ಪಾರ್ಕ್ ಮುಚ್ಚಿದೆ, 2023ರಿಂದ ಪಕ್ಷಿಗಳೆಲ್ಲ ಮೃಗಾಲಯ ಇರೋ ಮಂಡಾಯಿಯಲ್ಲಿ, ಹಳೇ ಪ್ಯಾಕೇಜ್ ಪಟ್ಟಿ ಯಾರಾದ್ರೂ ಕೊಟ್ರೆ ಇದನ್ನ ಕೇಳಿ), ಮಧ್ಯಾಹ್ನ ಗಾರ್ಡನ್ಸ್ ಬೈ ದ ಬೇ ಒಳಗಿನ ಫ್ಲವರ್ ಡೋಮ್, ಕ್ಲೌಡ್ ಫಾರೆಸ್ಟ್, ಎರಡೂ ಗಾಜಿನ ಮನೆ, ಒಳಗೆ ತಂಪು. ಡಿಸೆಂಬರಲ್ಲಿ ಆರ್ಚರ್ಡ್ ರೋಡ್ ಲೈಟಿಂಗ್ ಚಂದ, ಒಪ್ತೀನಿ, ಆದ್ರೆ ಅವ್ರ ರಜ, ಕ್ರಿಸ್ಮಸ್ ಎಲ್ಲ ಸೇರಿ ಹೋಟೆಲ್ ರೇಟ್ ಕೇಳಿದ್ರೆ ಲೈಟು ಆಫ್ ಆಗತ್ತೆ.

ಕಾಮೆಂಟ್ (ಹೊಸನಗರ): ನಮಗೆ ತೋಟ ಇಲ್ಲ, ಇಬ್ರೂ ಟೀಚರ್ಸ್. ದಸರಾ ರಜ ಹೆಂಗೆ ಸರ್?

ಉತ್ತರ: ದಸರಾಗೆ ಸಿಂಗಾಪುರ ಹೋಗೋದಾದ್ರೆ ಎರಡು ನೋಡಿ. ಒಂದು, ಫಾರ್ಮುಲಾ ಒನ್ ರೇಸು, ಅದು ಸಿಟಿ ರಸ್ತೇಲೇ ನಡೆಯತ್ತೆ, 2025ರಲ್ಲಿ ಅಕ್ಟೋಬರ್ 3ರಿಂದ 5, ವಿಜಯದಶಮಿ 2ಕ್ಕೆ, ಸರಿಯಾಗಿ ಮೈಮೇಲೇ ಬಂದಿತ್ತು. ಆ ವಾರ ಮರೀನಾ ಬೇ ಸುತ್ತ ರಸ್ತೆ ಬಂದ್, ಹೋಟೆಲ್ ದುಬಾರಿ. ಪ್ರತಿ ವರ್ಷ ತಾರೀಕು ಬದಲಾಗತ್ತೆ, ನೋಡಿ ಬುಕ್ ಮಾಡಿ. ಇನ್ನೊಂದು ಹೊಗೆ, ಇಂಡೋನೇಷ್ಯಾ ಕಡೆ ಕಾಡಿಗೆ, ಗದ್ದೆಗೆ ಬೆಂಕಿ ಬಿದ್ದು ಒಣ ವರ್ಷಗಳಲ್ಲಿ ಸೆಪ್ಟೆಂಬರ್ ಅಕ್ಟೋಬರಲ್ಲಿ ಮುಸುಕತ್ತೆ, 2015ರಲ್ಲಿ ಸ್ಕೂಲಿಗೇ ರಜ ಕೊಟ್ಟಿದ್ರು. ಉಬ್ಬಸ ಇರೋ ಮಗು ಇದ್ರೆ ಯೋಚನೆ ಮಾಡಿ. ಬಜೆಟ್ ಸ್ವಲ್ಪ ಜಾಸ್ತಿ ಇದ್ರೆ ಟೋಕಿಯೋ, ಸಿಯೋಲ್ ಅಕ್ಟೋಬರ್ ಎರಡನೇ ಅರ್ಧದಲ್ಲಿ ತಂಪಾಗಿ ಸುತ್ತಾಡಕ್ಕೆ ಹೇಳಿ ಮಾಡಿಸಿದಂಗೆ. ಹಾಂಗ್‌ಕಾಂಗ್ ಆದ್ರೆ ಅಕ್ಟೋಬರ್ ಮೊದಲ ವಾರ ಬೇಡ, ಚೀನಾದವ್ರ ರಾಷ್ಟ್ರೀಯ ರಜೆ, ಕಾಲಿಡಕ್ಕೆ ಜಾಗ ಇರಲ್ಲ.

ಕಾಮೆಂಟ್ (ಸಾಗರ): ಹಂಗಾದ್ರೆ ಅವ್ರು ಏಪ್ರಿಲಲ್ಲಿ ಜಪಾನಿಗೇ ಹೋಗ್ಲಿ, ಚೆರ್ರಿ ಹೂವು ನೋಡ್ಬಹುದು.

ಉತ್ತರ: ಟೋಕಿಯೋದಲ್ಲಿ ಹೂವು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ, ನಮ್ಮ ಮಕ್ಕಳ ರಿಸಲ್ಟ್ ಬರೋ ಹೊತ್ತಿಗೆ ಉದುರಿರತ್ತೆ. ಏಪ್ರಿಲ್ 29ರಿಂದ ಮೇ 5ರವರೆಗೆ ಅವ್ರ ಗೋಲ್ಡನ್ ವೀಕ್ ಅನ್ನೋ ಸಾಲು ರಜ, ಇಡೀ ದೇಶ ರೈಲಲ್ಲಿ ಇರತ್ತೆ. ಮಧ್ಯದಲ್ಲಿ ಸಿಗೋ ಹತ್ತು ಹನ್ನೆರಡು ದಿನ ಚೆನ್ನಾಗಿದೆ, ಆದ್ರೆ ಖರ್ಚು, ದೂರ, ಅತ್ತೆಯವ್ರ ಊಟ ಮೂರೂ ಲೆಕ್ಕ ಹಾಕಿ.

ಪ್ರಶ್ನೆ ಕೇಳಿದವರು: ಅತ್ತೆ ಊಟ ಅಂದಿದ್ದು ಸರಿ ಸರ್, ಅವ್ರು ಮೊಟ್ಟೆ ಕಂಡ್ರೂ ದೂರ. ಸಿಂಗಾಪುರಲ್ಲಿ ಹೆಂಗೆ? ಮತ್ತೆ ಟಿಕೆಟ್ ಯಾವಾಗ ಮಾಡದು?

ಉತ್ತರ: ಲಿಟ್ಲ್ ಇಂಡಿಯಾ ಹತ್ರ ರೂಮ್ ಹಿಡೀರಿ, ಕೋಮಲ ವಿಲಾಸ್ 1947ರಿಂದ ಅಲ್ಲೇ ಇದೆ, ದೋಸೆ, ಅನ್ನ, ಸಾರು ಎಲ್ಲ ಸಿಗತ್ತೆ, ಅತ್ತೆಗೆ ತೊಂದ್ರೆ ಇಲ್ಲ. ಮೆಟ್ರೋ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಮೃಗಾಲಯದಲ್ಲಿ ಟ್ರಾಮ್ ಇದೆ, ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಕಳಿ, ಮಧ್ಯಾಹ್ನ ರೂಮಿಗೆ ಬಂದು ಮಲಗಿ ಸಂಜೆ ಮತ್ತೆ ಹೊರಡಿ.

ಟಿಕೆಟ್ ಜನವರಿಯೊಳಗೆ ಮಾಡಿ, ನಮ್ಮ ಕಡೆ ಎಲ್ಲ ಸ್ಕೂಲಿಗೂ ಒಟ್ಟಿಗೇ ರಜ ಅಂತ ಮಾರ್ಚಲ್ಲಿ ರೇಟ್ ಏರತ್ತೆ, ವಾರದ ಮಧ್ಯದ ದಿನ ನೋಡಿ. ಶಿವಮೊಗ್ಗ ಏರ್‌ಪೋರ್ಟಿಂದ ಹೊರದೇಶಕ್ಕೆ ಇಲ್ಲ, ಬೆಂಗಳೂರಿಂದನೇ ಹೋಗ್ಬೇಕು, ಅಲ್ಲಿಂದ ನಾಲ್ಕೂವರೆ ಗಂಟೆ. ಹಿಂದಿನ ದಿನವೇ ಬೆಂಗಳೂರು ಸೇರಿ ಉಳ್ಕಳಿ, ರಾತ್ರಿ ಬಸ್ಸಲ್ಲಿ ಹೋಗಿ ನೇರ ವಿಮಾನ ಹತ್ತಿದ್ರೆ ಅತ್ತೆ ಮಂಡಿ ಎರಡು ದಿನ ಬಿಡಲ್ಲ. ಸಿಂಗಾಪುರದಲ್ಲಿ ಇಳಿಯೋ ದಿನವೂ ಸೇರಿ ಅದರ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬ್ಬೇಕು, ಅದು ಫ್ರೀ, ದುಡ್ಡು ಕೇಳೋ ವೆಬ್‌ಸೈಟ್‌ಗಳೂ ಇವೆ, ಕೊಡಬೇಡಿ.

ಮತ್ತೆ ಇವತ್ತೇ ಬೀರು ತೆಗೆದು ಮಕ್ಕಳ ಪಾಸ್‌ಪೋರ್ಟ್ ನೋಡಿ. ಚಿಕ್ಕ ಮಕ್ಕಳಿಗೆ ಐದೇ ವರ್ಷ ಇರೋದು, ಅಲ್ಲಿ ಇಳಿಯೋ ದಿನಕ್ಕೆ ಇನ್ನೂ ಆರು ತಿಂಗಳಾದ್ರೂ ಬಾಕಿ ಇರ್ಬೇಕು.

ಪ್ರಶ್ನೆ ಕೇಳಿದವರು: ನೋಡ್ದೆ ಸರ್, ಸಣ್ಣವಂದು ಆಗಸ್ಟಿಗೆ ಮುಗಿಯತ್ತೆ.

ಉತ್ತರ: ಹಂಗಾದ್ರೆ ಟಿಕೆಟ್‌ಗಿಂತ ಮೊದ್ಲು ಅದನ್ನ ರಿನ್ಯೂ ಮಾಡ್ಸಿ ಅಕ್ಕಾ. ಹೊಸ ನಂಬರ್ ಬಂದ್ಮೇಲೆ ಫೋನ್ ಮಾಡಿ, ವೀಸಾ ಕೆಲಸ ನಾನು ನೋಡ್ತೀನಿ.