ಜ್ಯೂರಿಯಲ್ಲಿ "ಯಾಕೆ ಹೀಗೆ ಮಾಡಿದಿರಿ?" ಅಂದಾಗ ಏನು ಹೇಳಬೇಕು?

ನಲವತ್ತರ ವಿದ್ಯಾರ್ಥಿ (ಪ್ರಶ್ನೆ)

ನಮಸ್ಕಾರ. ನಲವತ್ತು ದಾಟಿದ ಮೇಲೆ ಕಮ್ಯುನಿಕೇಶನ್ ಡಿಸೈನ್ ಓದುತ್ತಿದ್ದೇನೆ, ಹಿಂದಿನ ಕೆಲಸ ಲೆಕ್ಕಪತ್ರದ್ದು. ಈಗಿನ ಪ್ರಾಜೆಕ್ಟ್ ಒಂದು ಕನ್ನಡ ಕರಪತ್ರ: ಸಕ್ಕರೆ ಕಾಯಿಲೆಯ ಮಾತ್ರೆ ಯಾವ ಹೊತ್ತಿಗೆ ಎಷ್ಟು ಎಂದು ತಿಳಿಸಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಂಚುವಂತಿರಬೇಕು. ಎ4 ಹಾಳೆ, ಮಧ್ಯಕ್ಕೆ ಮಡಚಿದರೆ ನಾಲ್ಕು ಪುಟ. ಓದುವವರು ಹೆಚ್ಚಾಗಿ ಅರವತ್ತು ದಾಟಿದವರು. ಲೇಔಟ್ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಜ್ಯೂರಿಯಲ್ಲಿ, ಅಂದರೆ ಕೆಲಸವನ್ನು ಮುಂದಿಟ್ಟು ಪರೀಕ್ಷಕರ ಪ್ರಶ್ನೆಗೆ ಉತ್ತರಿಸುವ ಮೌಲ್ಯಮಾಪನದಲ್ಲಿ, ಈ ಫಾಂಟ್ ಯಾಕೆ, ಈ ಬಣ್ಣ ಯಾಕೆ ಅಂದರೆ "ನೋಡೋಕೆ ಸರಿ ಅನ್ನಿಸಿತು" ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಜೊತೆಯ ಹುಡುಗರು ಬಣ್ಣದ ಮನಶ್ಶಾಸ್ತ್ರವನ್ನು ಸರಾಗವಾಗಿ ಹೇಳಿಬಿಡುತ್ತಾರೆ. ಕಣ್ಣು ತಾನಾಗಿ ಮಾಡಿದ ಆಯ್ಕೆಗೆ ಪ್ರಾಮಾಣಿಕವಾದ ಕಾರಣ ಕೊಡುವುದು ಹೇಗೆ? ಕೆಲಸ ಬೆಳೆದು ಬಂದ ಬಗೆಯನ್ನು ದಾಖಲಿಸುವ ಪ್ರೊಸೆಸ್ ಬುಕ್‌ನಲ್ಲಿ ಏನು ಬರೆಯಬೇಕು?

ಕರಡುಪ್ರತಿ

"ಸರಿ ಅನ್ನಿಸಿತು" ಎನ್ನುವುದು ತಪ್ಪು ಉತ್ತರವಲ್ಲ, ಅರ್ಧ ಉತ್ತರ. ಆಯ್ಕೆ ಕಣ್ಣಿನಿಂದಲೇ ಬರಲಿ. ಬಂದ ಮೇಲೆ ಅದನ್ನು ಒರೆಗೆ ಹಚ್ಚಿದಿರಾ ಎನ್ನುವುದಷ್ಟೇ ಜ್ಯೂರಿಗೆ ಬೇಕು. ಹಾಗಾಗಿ ಒಂದು ಕಾರಣದಲ್ಲಿ ನಾಲ್ಕು ಸಂಗತಿ ಇರಲಿ: ಕೈ ಕಟ್ಟಿದ್ದು ಯಾವುದು, ಕೈಬಿಟ್ಟದ್ದು ಯಾವುದು, ಹೇಗೆ ಪರೀಕ್ಷಿಸಿದಿರಿ, ಇದರಿಂದ ಕಳೆದುಕೊಂಡದ್ದೇನು. ನಾಲ್ಕನೆಯದನ್ನು ಹೆಚ್ಚಿನವರು ಮುಚ್ಚಿಡುತ್ತಾರೆ. ನಂಬಿಕೆ ಹುಟ್ಟುವುದು ಮಾತ್ರ ಅದರಿಂದಲೇ.

ನಿಮ್ಮ ಬಣ್ಣವನ್ನೇ ತೆಗೆದುಕೊಳ್ಳಿ. ಮುದ್ರಿಸಿದ ಪ್ರತಿ ಖಾಲಿಯಾದ ದಿನದಿಂದ ಇಂಥ ಕರಪತ್ರ ಜೆರಾಕ್ಸ್‌ನಲ್ಲೇ ಬದುಕುತ್ತದೆ. ಬೆಳಗ್ಗೆಗೆ ಹಸಿರು, ರಾತ್ರಿಗೆ ಕೆಂಪು ಎಂದಿಟ್ಟರೆ ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು ಆಗಿಬಿಡಬಹುದು. ಆಗ ನಿಮ್ಮ ಮಾತು ಹೀಗಿರುತ್ತದೆ: "ಇದು ಜೆರಾಕ್ಸ್ ಆಗುವ ಹಾಳೆ. ಹೊತ್ತಿಗೊಂದು ಬಣ್ಣದ ಪಟ್ಟಿ ಮಾಡಿ ನೋಡಿ ಬಿಟ್ಟೆ. ಸೂರ್ಯ, ಚಂದ್ರನ ಚಿತ್ರ ಮತ್ತು ಪಕ್ಕದಲ್ಲೇ ಪದ ಇಟ್ಟೆ. ಜೆರಾಕ್ಸಿನ ಜೆರಾಕ್ಸ್ ತೆಗೆದರೂ ಗುರುತು ಸಿಗುತ್ತದೆ, ಇಲ್ಲಿದೆ ಪ್ರತಿ. ದೂರದಿಂದ ಕಣ್ಣು ಸೆಳೆಯುವ ಗುಣ ಕಡಿಮೆಯಾಗಿದೆ." "ಹಸಿರು ನೆಮ್ಮದಿ ಕೊಡುತ್ತದೆ" ಎಂದರೆ "ಯಾರಿಗೆ?" ಎನ್ನುವ ಒಂದೇ ಮಾತಿಗೆ ಕುಸಿಯುತ್ತದೆ.

ಪ್ರೊಸೆಸ್ ಬುಕ್ ಕೊನೆಯ ವಾರ ಕೂತು ಬರೆಯುವಂಥದ್ದಲ್ಲ. ಆಮೇಲೆ ಬರೆದರೆ ಎಲ್ಲ ಆಯ್ಕೆಯೂ ಮೊದಲೇ ನಿಶ್ಚಯವಾಗಿದ್ದಂತೆ ಕಾಣುತ್ತದೆ, ಅದು ಗೊತ್ತಾಗಿಬಿಡುತ್ತದೆ. ಪ್ರತಿ ನಮೂದಿಗೆ ವೋಚರ್ ಲಗತ್ತಿಸಿದ ಹಾಗೆ ಇಡಿ: ತಾರೀಕು, ಏನು ಬದಲಾಯಿತು, ಯಾಕೆ, ಪಕ್ಕದಲ್ಲಿ ಬಿಟ್ಟ ಆವೃತ್ತಿಯ ಪ್ರಿಂಟ್. ಒಂದು ಸಾಲು ಸಾಕು. ಹಳೆಯ ಫೈಲಿನ ಮೇಲೇ ಸೇವ್ ಮಾಡಬೇಡಿ, ಬಿಟ್ಟ ಆವೃತ್ತಿಯೇ ನಿಮ್ಮ ಸಾಕ್ಷಿ.

ಎಲ್ಲದಕ್ಕೂ ಕಾರಣ ಹುಡುಕಲು ಹೋಗಬೇಡಿ. ಬೇರೆ ರೀತಿ ಮಾಡಿದ್ದರೆ ಓದುವವರು ಮಾತ್ರೆ ತಪ್ಪಾಗಿ ನುಂಗುತ್ತಿದ್ದರು ಎನ್ನುವಂಥ ಮೂರು ನಿರ್ಧಾರ ಆರಿಸಿಕೊಳ್ಳಿ. ಮುಖಪುಟದ ಅಂಚಿನ ಬಳ್ಳಿ ಇಷ್ಟವಾಗಿ ಹಾಕಿದ್ದಾದರೆ ಹಾಗೇ ಹೇಳಿ.

ಒತ್ತಕ್ಷರ

ಅಕ್ಷರದ ವಿಷಯದಲ್ಲಿ ನಿಮಗೆ ಗಟ್ಟಿ ಕಾರಣಗಳು ಬೇಕಾದಷ್ಟು ಸಿಗುತ್ತವೆ, ಕನ್ನಡ ಲಿಪಿಯೇ ಕೊಡುತ್ತದೆ. ಮಾತ್ರೆ, ರಾತ್ರಿ, ಮಧ್ಯಾಹ್ನ, ಬೆಳಗ್ಗೆ, ಸಕ್ಕರೆ: ನಿಮ್ಮ ಮುಖ್ಯ ಪದಗಳಿಗೆಲ್ಲ ಕೆಳಗೆ ಒತ್ತು ಇದೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನ ಆಟೋ ಲೀಡಿಂಗ್ (ಸಾಲಿನಿಂದ ಸಾಲಿಗೆ ತಾನಾಗಿ ಬರುವ ಅಂತರ) ಅಕ್ಷರದ ಗಾತ್ರದ 120%, ಅಂದರೆ 14 ಪಾಯಿಂಟ್‌ಗೆ 16.8. ಅಷ್ಟರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವ ಸಂಭವ ಹೆಚ್ಚು. 21ರಿಂದ 22 ಇಟ್ಟು ನೋಡಿ, ಎರಡೂ ಪ್ರಿಂಟ್ ಅಕ್ಕಪಕ್ಕ ಅಂಟಿಸಿ. "ಇಷ್ಟು ಜಾಗ ಯಾಕೆ ಖಾಲಿ" ಎನ್ನುವುದಕ್ಕೆ ಬೇರೆ ಉತ್ತರ ಬೇಡ.

ಪಾಯಿಂಟ್ ಹೇಳಿ ಸುಮ್ಮನಾಗಬೇಡಿ. 14 ಪಾಯಿಂಟ್ ಅಂದರೆ ಸುಮಾರು 4.9 ಮಿ.ಮೀ., ಆದರೆ ಅದು ಅಕ್ಷರದ ಎತ್ತರವಲ್ಲ. ಒಂದೇ ಪಾಯಿಂಟ್‌ನಲ್ಲಿ ಒಂದು ಫಾಂಟಿನ "ಅ" ದೊಡ್ಡದು, ಇನ್ನೊಂದರದು ಚಿಕ್ಕದು. ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ಅಳೆದು ಮಿ.ಮೀ.ನಲ್ಲಿ ಬರೆಯಿರಿ.

ಫಾಂಟ್ ಹೋಲಿಕೆಗೆ ಎರಡನ್ನು ತೋರಿಸಬಹುದು. ಟಿರೋ ಕನ್ನಡ ಓದಲು ಸೊಗಸು, ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಮಾತ್ರೆ ಎಷ್ಟು ಎನ್ನುವ ಪದವನ್ನು ದಪ್ಪ ಮಾಡಲು ಔಟ್‌ಲೈನ್ ಹಾಕಿದರೆ ಅಕ್ಷರದೊಳಗಿನ ಸಣ್ಣ ಕಿಂಡಿಗಳು ತುಂಬಿಹೋಗುತ್ತವೆ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಹೊಂದಿಸಬಹುದು. "ಆಧುನಿಕವಾಗಿ ಕಾಣುತ್ತದೆ" ಎನ್ನುವುದಕ್ಕಿಂತ ಇದು ಎಷ್ಟೋ ಮೇಲಾದ ಕಾರಣ. ½ ಗುರುತು ಬೇಡ, ಜೆರಾಕ್ಸ್‌ನಲ್ಲಿ ಮಸಿಯಾಗುತ್ತದೆ, "ಅರ್ಧ" ಎಂದೇ ಬರೆಯಿರಿ. ಒತ್ತುಗಳು ಒಡೆದು ಪಕ್ಕಕ್ಕೆ ಬಂದರೆ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆನ್ ಮಾಡಿ.

ನಲವತ್ತರ ವಿದ್ಯಾರ್ಥಿ

ತುಂಬಾ ಉಪಯೋಗವಾಯಿತು. ಎರಡು ಅನುಮಾನ: ಪರೀಕ್ಷೆಯನ್ನು ಯಾರ ಮೇಲೆ, ಹೇಗೆ ಮಾಡುವುದು? ಮತ್ತೆ, ಜ್ಯೂರಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಹೊಳೆದ ಕಾರಣ ಅಲ್ಲಿ ಬಾಯಿಗೆ ಬರುವುದಿಲ್ಲ.

ಬಿಳಿಹಾಳೆ

ಐದು ಜನ ಹಿರಿಯರು ಸಾಕು, ಕನ್ನಡಕ ಹಾಕಿಕೊಂಡೇ ಓದಲಿ. "ಚೆನ್ನಾಗಿದೆಯಾ?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಕಿರಿಯರ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರುವುದಿಲ್ಲ. ಅದರ ಬದಲು "ರಾತ್ರಿ ಎಷ್ಟು ಮಾತ್ರೆ? ಊಟಕ್ಕೆ ಮುಂಚೆಯೋ ಆಮೇಲೋ? ಎಲ್ಲಿ ಬರೆದಿದೆ, ಬೆರಳಿಟ್ಟು ತೋರಿಸಿ" ಎನ್ನಿ. ಸರಿಯೋ ತಪ್ಪೋ ಎನ್ನುವುದರ ಜೊತೆಗೆ ಬೆರಳು ಮೊದಲು ಎಲ್ಲಿಗೆ ಹೋಯಿತು ಎಂದೂ ಬರೆದುಕೊಳ್ಳಿ. ಮಾತ್ರೆಯ ಹೆಸರು ಕಾಲ್ಪನಿಕವಾಗಿರಲಿ, ಹಾಳೆಯ ಮೇಲೆ "ಮಾದರಿ" ಎಂದು ದೊಡ್ಡದಾಗಿ ಹಾಕಿ, ಮುಗಿದ ಮೇಲೆ ವಾಪಸ್ ಪಡೆಯಿರಿ. ಅದು ಯಾರ ಮನೆಯಲ್ಲೂ ಉಳಿಯಬಾರದು. ಫಲಿತಾಂಶವನ್ನು "ಐವರಲ್ಲಿ ಮೂವರು" ಎಂದೇ ಹೇಳಿ, 60% ಎನ್ನಬೇಡಿ. ಐದು ಜನರಿಗೆ ಶೇಕಡಾವಾರು ಲೆಕ್ಕ ಒಪ್ಪುವುದಿಲ್ಲ.

ಭಾಷೆಗೆ: ಕಾರಣವನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದು ನಿರ್ಧಾರಕ್ಕೆ 40 ಸೆಕೆಂಡ್ ಮೀರಿದರೆ ಕತ್ತರಿಸಿ. ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಣ್ಣ ವಾಕ್ಯ ಮಾಡಿ, ಬಾಯಿಪಾಠ ಬೇಡ, ವಾಕ್ಯಕ್ಕೊಂದು ಪದ ಚೀಟಿಯಲ್ಲಿರಲಿ. ಎರಡು ಪ್ರಿಂಟ್ ಅಕ್ಕಪಕ್ಕ ಇಟ್ಟು ಬೆರಳು ತೋರಿಸಿದರೆ ಅರ್ಧ ಮಾತು ಆಡುವುದೇ ಬೇಕಾಗುವುದಿಲ್ಲ. ಕನ್ನಡದಲ್ಲಿ ವಿವರಿಸಲು ಅವಕಾಶ ಇದೆಯೇ ಎಂದು ಮುಂಚೆಯೇ ಕೇಳಿ. ಕನ್ನಡ ಕರಪತ್ರದ ಚರ್ಚೆಯಲ್ಲಿ ಅದು ನ್ಯಾಯವಾದ ಕೋರಿಕೆಯೇ.

ಕರಡುಪ್ರತಿ

ಒಂದು ಮಾತು ಸೇರಿಸುತ್ತೇನೆ, ಕೆಲಸ ಮಾಡಿ ಬಂದವರಿಗೆ ಮುಖ್ಯ. "ಅನುಭವದಿಂದ ಹೇಳ್ತಿದ್ದೀನಿ" ಎಂದು ವಾಕ್ಯ ಶುರು ಮಾಡಬೇಡಿ, ಅಲ್ಲಿಗೆ ಚರ್ಚೆ ಮುಚ್ಚಿಹೋಗುತ್ತದೆ. "ನನಗಿದು ಹೊಸತು, ತಪ್ಪಿದ್ದರೆ ಕ್ಷಮಿಸಿ" ಕೂಡ ಬೇಡ. ಅಭ್ಯಾಸಕ್ಕೆ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ಕೆಲಸದ ಬಗ್ಗೆ ಅಭಿಪ್ರಾಯ ಪಡೆಯಲೆಂದು ರೂಪಿಸಿದ ಕ್ರಮ ಚೆನ್ನಾಗಿದೆ: ನೋಡಿದವರು ಮೊದಲು ಮನಸ್ಸಿಗೆ ತಟ್ಟಿದ್ದನ್ನು ಹೇಳುತ್ತಾರೆ, ಆಮೇಲೆ ಮಾಡಿದವರು ಪ್ರಶ್ನೆ ಕೇಳುತ್ತಾರೆ, ಮೂರನೆಯದಾಗಿ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ, ಕೊನೆಗೆ ಅನುಮತಿ ಪಡೆದು ಅಭಿಪ್ರಾಯ. ಸಹಪಾಠಿಗಳ ಜೊತೆ ಮೂರನೇ ಹಂತವನ್ನೇ ಹೆಚ್ಚು ಮಾಡಿ. "ಇಷ್ಟು ದೊಡ್ಡಕ್ಷರ ಯಾಕೆ ಬೇಕಿತ್ತು?" ಅಲ್ಲ, "ಅಕ್ಷರದ ಗಾತ್ರವನ್ನು ಹೇಗೆ ನಿರ್ಧರಿಸಿದಿರಿ?" ಜ್ಯೂರಿಯ ದಿನ ಕೇಳಿದ ಪ್ರಶ್ನೆಗಳನ್ನು ಗೆಳೆಯರೊಬ್ಬರಿಂದ ಪದಶಃ ಬರೆಸಿಕೊಳ್ಳಿ, ಉತ್ತರ ಕೊಡುತ್ತಿರುವವರಿಗೆ ಪ್ರಶ್ನೆ ನೆನಪಿರುವುದಿಲ್ಲ.