ಕಂಕುಳಿನ ಗ್ರಂಥಿ ಪರೀಕ್ಷೆ: ನ್ಯಾನೊ ಕಣಗಳ ಸ್ಕ್ಯಾನಿಗಾಗಿ ಕಾಯಬೇಕೇ?

ದಾವಣಗೆರೆಯಿಂದ ಒಬ್ಬ ಸೊಸೆಯ ಪ್ರಶ್ನೆ

ನಮ್ಮ ಅತ್ತೆಯವರಿಗೆ 58 ವರ್ಷ. ಎಡ ಸ್ತನದಲ್ಲಿ ಸುಮಾರು ಎರಡು ಸೆಂಟಿಮೀಟರ್ ಗಾತ್ರದ ಗಂಟು ಕಂಡು, ಸೂಜಿ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿದೆ. ಕಂಕುಳಿನಲ್ಲಿ ಕೈಗೆ ಏನೂ ಸಿಗುತ್ತಿಲ್ಲ, ಅಲ್ಟ್ರಾಸೌಂಡಿನಲ್ಲಿಯೂ ಏನೂ ಕಂಡಿಲ್ಲ. ಐಸೊಟೋಪ್ (ವಿಕಿರಣ ಸೂಸುವ ಔಷಧ) ಮತ್ತು ನೀಲಿ ಬಣ್ಣ ಚುಚ್ಚಿ, ಕಂಕುಳಿನ ಮೊದಲ ಗ್ರಂಥಿಯನ್ನು, ಅಂದರೆ ಸೆಂಟಿನೆಲ್ ನೋಡನ್ನು, ಶಸ್ತ್ರಚಿಕಿತ್ಸೆಯ ವೇಳೆ ಹುಡುಕಿ ತೆಗೆಯುವುದಾಗಿ ಸರ್ಜನ್ ತಿಳಿಸಿದ್ದಾರೆ. ನನ್ನ ಮೈದುನ, ಕ್ಯಾನ್ಸರ್ ಕೋಶಗಳನ್ನು ಒಂದೊಂದಾಗಿ ಹುಡುಕಿ ತೋರಿಸುವ ನ್ಯಾನೊ ಕಣಗಳ ಸ್ಕ್ಯಾನ್ ಬಂದಿದೆಯೆಂದು ಓದಿ, ಎರಡು ತಿಂಗಳು ತಡೆದು ಅದು ಸಿಗುವ ಕಡೆಗೇ ಹೋಗೋಣ ಎನ್ನುತ್ತಿದ್ದಾರೆ. ಅತ್ತೆಯವರ ಆತಂಕವೇ ಬೇರೆ: ಚುಚ್ಚಿದ ಕಣಗಳು ಮೈಯಲ್ಲಿಯೇ ಉಳಿದುಬಿಟ್ಟರೆ ಏನು ಗತಿ ಎಂದು ಕೇಳುತ್ತಾರೆ. ಈ ದಾರಿಯಲ್ಲಿ ನಡೆದವರು ನಿಮ್ಮ ಅನುಭವ ತಿಳಿಸಿದರೆ, ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಏನು ಕೇಳಬೇಕೆಂದು ನಮಗೆ ತಿಳಿಯುತ್ತದೆ.

ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ

ತಂಗಿ, ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಪರೀಕ್ಷೆ ಮಾಡಿಸಿಕೊಂಡವಳು. ಶಸ್ತ್ರಚಿಕಿತ್ಸೆಯ ಹಿಂದಿನ ಮಧ್ಯಾಹ್ನ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿಗೆ ಸಣ್ಣ ಸೂಜಿಯಿಂದ ಔಷಧ ಹಾಕಿದರು. ಅರ್ಧ ನಿಮಿಷ ಚೇಳು ಕುಟುಕಿದಂತೆ ಉರಿಯಿತು, ಆಮೇಲೆ ಏನೂ ಇರಲಿಲ್ಲ. ಆ ಜಾಗವನ್ನು ಮೆಲ್ಲಗೆ ತಿಕ್ಕಿಕೊಳ್ಳಲು ಹೇಳಿ, ಸ್ವಲ್ಪ ಹೊತ್ತಿನ ನಂತರ ಕ್ಯಾಮೆರಾದ ಕೆಳಗೆ ಮಲಗಿಸಿದರು.

ನನಗೆ ಆದ ದೊಡ್ಡ ತೊಂದರೆ ಸೂಜಿಯದಲ್ಲ, ಒಂದು ಮಾತಿನದು. ಪರದೆಯ ಮೇಲೆ ಕಂಕುಳಿನ ಬಳಿ ಚುಕ್ಕೆಯೊಂದು ಮೂಡಿದಾಗ ಅಲ್ಲಿದ್ದವರು ‘ನೋಡ್ ಹಾಟ್ ಇದೆ’ ಎಂದು ತಮ್ಮತಮ್ಮಲ್ಲಿ ಮಾತನಾಡಿಕೊಂಡರು. ಕ್ಯಾನ್ಸರ್ ಅಲ್ಲಿಗೆ ಹಬ್ಬಿದೆ ಎಂದೇ ತಿಳಿದು ನಾನು ಆ ರಾತ್ರಿಯೆಲ್ಲ ಅಳುತ್ತಲೇ ಇದ್ದೆ. ಬೆಳಿಗ್ಗೆ ಸರ್ಜನ್ ಬಂದು ವಿವರಿಸಿದ ಮೇಲೆಯೇ ಅರ್ಥವಾದದ್ದು: ಚುಚ್ಚಿದ ಔಷಧದ ಕಣಗಳು ಕ್ಯಾನ್ಸರನ್ನು ಹುಡುಕುವುದಿಲ್ಲ, ಸ್ತನದಿಂದ ಹೊರಟ ದುಗ್ಧರಸ ಮೊದಲು ಯಾವ ಗ್ರಂಥಿಯನ್ನು ಮುಟ್ಟುತ್ತದೆ ಎಂಬುದನ್ನಷ್ಟೇ ತೋರಿಸುತ್ತವೆ. ಕ್ಯಾನ್ಸರ್ ಹೊರಟಿದ್ದರೆ ಅದೂ ಅದೇ ದಾರಿಯಲ್ಲಿ ಹೋಗಿರಬೇಕಾದ್ದರಿಂದ, ಆ ಗ್ರಂಥಿಯನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಉತ್ತರ ಸಿಗುತ್ತದೆ. ನನ್ನಿಂದ ಮೂರು ಗ್ರಂಥಿಗಳನ್ನು ತೆಗೆದರು, ಮೂರೂ ಶುದ್ಧವಾಗಿದ್ದವು. ನೀಲಿ ಬಣ್ಣದಿಂದ ಎರಡು ದಿನ ಮೂತ್ರ ಹಸಿರಾಗಿತ್ತು. ಇದನ್ನು ಅತ್ತೆಯವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಗಾಬರಿಯಾಗುತ್ತಾರೆ.

ಇಷ್ಟೆಲ್ಲ ಏಕೆ ಎಂದು ಅವರು ಕೇಳಿದರೆ ನಮ್ಮ ಅಕ್ಕನ ಮಾತು ಹೇಳಿ. ಅವರ ಕಾಲದಲ್ಲಿ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುವುದೇ ರೂಢಿಯಾಗಿತ್ತು. ಅವರ ಬಲಗೈ ಇಂದಿಗೂ ಊದಿಕೊಂಡೇ ಇದೆ, ಬಳೆ ತೊಡಲಾಗುವುದಿಲ್ಲ. ಎಲ್ಲವನ್ನೂ ತೆಗೆಸಿಕೊಂಡವರಲ್ಲಿ ಸುಮಾರು ನೂರಕ್ಕೆ 20 ಜನರಿಗೆ ಕೈ ಊದುತ್ತದೆ, ಮೊದಲ ಗ್ರಂಥಿಗಳನ್ನಷ್ಟೇ ತೆಗೆಸಿಕೊಂಡವರಲ್ಲಿ ಅದು ನೂರಕ್ಕೆ ಐದಾರು.

ಬೆಂಗಳೂರಿನಿಂದ, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು

ನಿಮ್ಮ ಮೈದುನನವರಿಗೆ ಮೊದಲು ಒಂದು ಸಂಗತಿ ತಿಳಿಸಬೇಕು. ಅವರು ಹುಡುಕುತ್ತಿರುವ ಅತಿಸಣ್ಣ ಕಣಗಳು, ನಿಮ್ಮ ಸರ್ಜನ್ ಹೇಳಿದ ಆ ಸೂಜಿಯಲ್ಲಿಯೇ ಇವೆ. ನಾವು ಐಸೊಟೋಪ್ ಎಂದು ಚಿಕ್ಕದಾಗಿ ಕರೆಯುವುದು ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಅಂಟಿಸಿದ ಕೊಲಾಯ್ಡನ್ನು, ಅಂದರೆ ದ್ರವದಲ್ಲಿ ತೇಲುವ ಅತಿಸಣ್ಣ ಕಣಗಳನ್ನು. ಅದು ಗಂಧಕದ ಕೊಲಾಯ್ಡ್ ಆಗಿರಬಹುದು, ಆಲ್ಬುಮಿನ್ ಎಂಬ ಪ್ರೋಟೀನಿನ ನ್ಯಾನೊಕೊಲಾಯ್ಡ್ ಆಗಿರಬಹುದು. ಆಲ್ಬುಮಿನ್ ಕಣಗಳಲ್ಲಿ ಬಹುಪಾಲು 80 ನ್ಯಾನೊಮೀಟರಿಗಿಂತ ಚಿಕ್ಕವು. ಗಂಧಕದ ಕಣಗಳು ದೊಡ್ಡವಾದ್ದರಿಂದ ಅವುಗಳನ್ನು 0.22 ಮೈಕ್ರಾನ್ (220 ನ್ಯಾನೊಮೀಟರ್) ಫಿಲ್ಟರಿನಲ್ಲಿ ಸೋಸಿ ಕೊಡುವ ಪದ್ಧತಿಯಿದೆ.

ಈ ಕೆಲಸದಲ್ಲಿ ಎಲ್ಲವೂ ಗಾತ್ರವನ್ನೇ ನಂಬಿದೆ. ಕಣ ತೀರ ಸಣ್ಣದಾದರೆ ಮೊದಲ ಗ್ರಂಥಿಯಲ್ಲಿ ನಿಲ್ಲದೆ ಎರಡನೆಯದಕ್ಕೂ ಮೂರನೆಯದಕ್ಕೂ ಹರಿದು, ಸರ್ಜನ್ ಬೇಡದ ಗ್ರಂಥಿಗಳನ್ನೂ ತೆಗೆಯುವಂತಾಗುತ್ತದೆ. ತೀರ ದೊಡ್ಡದಾದರೆ ಚುಚ್ಚಿದ ಜಾಗ ಬಿಟ್ಟು ಕದಲುವುದೇ ಇಲ್ಲ. ನಡುವಿನ ಗಾತ್ರದ ಕಣ ದುಗ್ಧನಾಳದೊಳಗೆ ಸೇರಿ, ಗ್ರಂಥಿಯಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಕೋಶಗಳ ಬಾಯಿಗೆ ಸಿಕ್ಕಿ ಅಲ್ಲಿಯೇ ಉಳಿಯುತ್ತದೆ. ಸರ್ಜನ್ ಮರುದಿನ ವಿಕಿರಣವನ್ನು ಗುರುತಿಸುವ ಗಾಮಾ ಪ್ರೋಬ್ ಹಿಡಿದು ಶಬ್ದ ಕೇಳಿ ಪತ್ತೆಹಚ್ಚುವುದು ಆ ನಿಂತ ಕಣಗಳನ್ನೇ.

ಅತ್ತೆಯವರ ಆತಂಕಕ್ಕೆ ಲೆಕ್ಕದಲ್ಲಿಯೇ ಉತ್ತರವಿದೆ. ಟೆಕ್ನೀಷಿಯಂ-99ಎಂನ ವಿಕಿರಣ ಪ್ರತಿ ಆರು ಗಂಟೆಗೆ ಅರ್ಧವಾಗುತ್ತದೆ. ಅಂದರೆ ಒಂದು ದಿನಕ್ಕೆ ಹದಿನಾರರಲ್ಲಿ ಒಂದು ಪಾಲು, ಎರಡು ದಿನಕ್ಕೆ 256ರಲ್ಲಿ ಒಂದು ಪಾಲು ಉಳಿಯುತ್ತದೆ. ಕೊಡುವ ಪ್ರಮಾಣವೂ ಅದೇ ದಿನದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಅರ್ಧ ಮಿಲಿಕ್ಯೂರಿ (ವಿಕಿರಣದ ಅಳತೆ), ಮರುದಿನದ್ದಾದರೆ ಒಂದು ಮಿಲಿಕ್ಯೂರಿಯಷ್ಟು ಮಾತ್ರ. ಮೂಳೆ ಸ್ಕ್ಯಾನಿಗೆ ಇದೇ ಟೆಕ್ನೀಷಿಯಂ ಇದರ ಹಲವು ಪಟ್ಟು ಬೇಕಾಗುತ್ತದೆ.

ಡಾಕ್ಟರನ್ನು ನೀವು ಕೇಳಬೇಕಾದದ್ದು ‘ನ್ಯಾನೊ ಇದೆಯೇ’ ಎಂದಲ್ಲ. ಗ್ರಂಥಿ ತೋರಿಸಲು ಚುಚ್ಚುವ ಯಾವ ಟ್ರೇಸರ್ ಬಳಸುತ್ತೀರಿ, ಒಂದನ್ನೋ ಎರಡನ್ನೋ, ಗ್ರಂಥಿ ಸಿಗದಿದ್ದರೆ ಏನು ಮಾಡುತ್ತೀರಿ, ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೆ ಅದೇ ವೇಳೆ ಉಳಿದವನ್ನೂ ತೆಗೆಯುತ್ತೀರೋ ಅಥವಾ ಪೂರ್ತಿ ವರದಿಗೆ ಕಾಯುತ್ತೀರೋ ಎಂದು ಕೇಳಿ. ಈಗ ಒಂದೆರಡು ಗ್ರಂಥಿಗಳಲ್ಲಿ ಕಂಡರೂ, ಗಂಟನ್ನಷ್ಟೇ ತೆಗೆದು ವಿಕಿರಣ ಕೊಡುವವರಿದ್ದರೆ, ಅನೇಕ ವೇಳೆ ಉಳಿದ ಗ್ರಂಥಿಗಳನ್ನು ತೆಗೆಯದೆ ಬಿಡುತ್ತಾರೆ. ಹಾಗಾಗಿ ಕೊನೆಯ ಪ್ರಶ್ನೆಯನ್ನು ಕೇಳದೆ ಬರಬೇಡಿ.

ಧಾರವಾಡದಿಂದ

ನಮ್ಮ ಮನೆಯವರಿಗೆ ಆಪರೇಷನ್ ಆದ ಊರಿನಲ್ಲಿ ಐಸೊಟೋಪ್ ಸೌಲಭ್ಯವಿರಲಿಲ್ಲ. ಮೀಥಿಲೀನ್ ಬ್ಲೂ ಎಂಬ ನೀಲಿ ಬಣ್ಣವೊಂದರಿಂದಲೇ ಗ್ರಂಥಿ ಸಿಕ್ಕಿತು, ಖರ್ಚೂ ಕಡಿಮೆಯಾಯಿತು. ಆದರೆ ಅವರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಿಷಯವನ್ನು ನಾವು ಹೇಳಿರಲಿಲ್ಲ, ಅಲ್ಲಿಯವರೂ ಕೇಳಿರಲಿಲ್ಲ. ಹಿಂದಿನ ಸಂಜೆ ಅರಿವಳಿಕೆ ವೈದ್ಯರ ಕಣ್ಣಿಗೆ ಅದು ಬಿದ್ದು ದಿನಾಂಕವನ್ನೇ ಮುಂದಕ್ಕೆ ಹಾಕಬೇಕಾಯಿತು. ಅಂಥ ಕೆಲವು ಮಾತ್ರೆಗಳ ಜೊತೆ ಈ ಬಣ್ಣ ಸೇರಿದರೆ ಮೆದುಳಿನ ಸಿರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿ ಅಪಾಯವಾಗಬಹುದಂತೆ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೂ ಇದು ಸಲ್ಲದು. ಅತ್ತೆಯವರ ಎಲ್ಲ ಮಾತ್ರೆಗಳ ಚೀಟಿಯನ್ನು ತಪ್ಪದೆ ಒಯ್ಯಿರಿ.

ಇಂಗ್ಲೆಂಡಿನಿಂದ, ಹಾಸನದ ಮೂಲದವರು

ಇಲ್ಲಿ ನನಗೆ ಐಸೊಟೋಪಿನ ಬದಲು ಮ್ಯಾಗ್‌ಟ್ರೇಸ್ ಎಂಬ ಕಬ್ಬಿಣದ ಆಕ್ಸೈಡಿನ ದ್ರವವನ್ನು ಕೊಟ್ಟರು. ಕಾರ್ಬಾಕ್ಸಿಡೆಕ್ಸ್‌ಟ್ರಾನ್ ಎಂಬ ಸಕ್ಕರೆಜಾತಿಯ ಲೇಪವಿರುವ, ಸುಮಾರು 60 ನ್ಯಾನೊಮೀಟರ್ ಕಣಗಳವು. ವಿಕಿರಣವಿಲ್ಲ, ಗಾಮಾ ಪ್ರೋಬಿನ ಬದಲು ಅಯಸ್ಕಾಂತದ ಪ್ರೋಬ್ ಹಿಡಿದು ಹುಡುಕುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2018ರಲ್ಲಿ ಅನುಮತಿ ಸಿಕ್ಕಿತು.

ಇದರ ನಿಜವಾದ ಅನುಕೂಲವೆಂದರೆ ಸಮಯ. ಆರು ಗಂಟೆಯ ಗಡಿಯಾರ ಇಲ್ಲದ್ದರಿಂದ ಕೆಲವು ದಿನ ಮೊದಲೇ ಚುಚ್ಚಿಡಬಹುದು, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿಲ್ಲದ ಆಸ್ಪತ್ರೆಯೂ ಈ ಪರೀಕ್ಷೆ ನಡೆಸಬಹುದು. ಆದರೆ ಚುಚ್ಚಿದ ಕಡೆ ಚರ್ಮದ ಮೇಲೆ ಕಂದು ಕಲೆ ಉಳಿಯಿತು, ಒಂದೂವರೆ ವರ್ಷವಾದರೂ ಪೂರ್ತಿ ಮಾಸಿಲ್ಲ. ನನಗೆ ಅದಕ್ಕಿಂತ ಬೇಸರ ತಂದದ್ದು ಮುಂದಿನ ಎಂಆರ್‌ಐ: ಉಳಿದ ಕಬ್ಬಿಣ ಚಿತ್ರದಲ್ಲಿ ಕಪ್ಪು ಮಬ್ಬಾಗಿ ಕಂಡು, ಆ ಭಾಗವನ್ನು ಓದುವುದೇ ಕಷ್ಟವೆಂದು ವರದಿಯಲ್ಲಿ ಬರೆದರು. ಮುಂದೆ ಎಂಆರ್‌ಐ ಮೂಲಕ ನಿಗಾ ಇಡಬೇಕಾದವರು ಇದನ್ನು ಮೊದಲೇ ಚರ್ಚಿಸಬೇಕು. ಪೇಸ್‌ಮೇಕರ್ ಇರುವವರು, ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಸೇರುವ ಕಾಯಿಲೆಯವರು ಕೂಡ ಹೇಳಿಕೊಳ್ಳಬೇಕು.

ಬೆಂಗಳೂರಿನಿಂದ, ಕಬ್ಬಿಣದ ನ್ಯಾನೊ ಕಣಗಳ ಮೇಲೆ ಸಂಶೋಧನೆ ಮಾಡುತ್ತಿರುವವರು

ಈ ಕಣಗಳನ್ನು ಕೈಯಾರೆ ತಯಾರಿಸುವ ನನಗೆ ನಿಮ್ಮ ಮೈದುನನವರ ಆಸೆ ಚೆನ್ನಾಗಿ ಅರ್ಥವಾಗುತ್ತದೆ. ಅದರ ಮೂಲ 1986ರದು. ಗಂಟಿನ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲಿ ಹೊರಗಿಳಿದು ಉಳಿದುಬಿಡುತ್ತವೆ ಎಂದು ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ತೋರಿಸಿದರು. ಇಲಿಗಳಲ್ಲಿ ಇದು ಬೆರಗುಗೊಳಿಸುವ ಚಿತ್ರಗಳನ್ನು ಕೊಟ್ಟಿತು. ಆದರೆ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಂಟನ್ನು ತಲುಪಿದ್ದು ಮಧ್ಯಮ ಲೆಕ್ಕದಲ್ಲಿ ಶೇ. 0.7 ಮಾತ್ರ ಎಂದು ತಿಳಿಯಿತು. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದುಕೊಳ್ಳುತ್ತವೆ. ಮೂತ್ರದಲ್ಲಿ ಸಲೀಸಾಗಿ ಹೊರಹೋಗಬೇಕಾದರೆ ಕಣ ಸುಮಾರು 5.5 ನ್ಯಾನೊಮೀಟರಿಗಿಂತ ಚಿಕ್ಕದಿರಬೇಕು. ಅತ್ತೆಯವರು ಕೇಳಿದ ಪ್ರಶ್ನೆ ನಮ್ಮ ಪ್ರಯೋಗಾಲಯದಲ್ಲಿಯೂ ಪ್ರತಿದಿನ ಕೇಳಿಬರುವ ಪ್ರಶ್ನೆಯೇ.

ರಕ್ತನಾಳಕ್ಕೆ ಕೊಟ್ಟು ಗ್ರಂಥಿಯೊಳಗಿನ ಕ್ಯಾನ್ಸರನ್ನು ಚಿತ್ರದಲ್ಲಿಯೇ ತೋರಿಸಿದ ಕಣಗಳೂ ಇವೆ. ಫೆರುಮಾಕ್ಸ್‌ಟ್ರಾನ್-10 ಎಂಬ ಕಬ್ಬಿಣದ ಕಣಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿನ 80 ಜನರಿಗೆ ಕೊಟ್ಟು ಎಂಆರ್‌ಐ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅಲ್ಲಿ ತರ್ಕ ತಿರುಗುಮುರುಗು: ಆರೋಗ್ಯವಂತ ಗ್ರಂಥಿ ಕಬ್ಬಿಣವನ್ನು ನುಂಗಿ ಕಪ್ಪಾಗುತ್ತದೆ, ಕ್ಯಾನ್ಸರ್ ತುಂಬಿದ ಭಾಗದಲ್ಲಿ ನುಂಗುವ ಕೋಶಗಳೇ ಇಲ್ಲದ್ದರಿಂದ ಅದು ಬೆಳ್ಳಗೆ ಉಳಿಯುತ್ತದೆ. ಸಾಮಾನ್ಯ ಎಂಆರ್‌ಐ ಕ್ಯಾನ್ಸರ್ ಇದ್ದ ಗ್ರಂಥಿಗಳಲ್ಲಿ ಶೇ. 35.4ರಷ್ಟನ್ನು ಹಿಡಿದರೆ ಇದು ಶೇ. 90.5ರಷ್ಟನ್ನು ಹಿಡಿಯಿತು. ಇಷ್ಟಾದರೂ ಯುರೋಪಿನಲ್ಲಿ ಮಾರಾಟದ ಅನುಮತಿಗೆ ಹಾಕಿದ್ದ ಅರ್ಜಿ 2007ರಲ್ಲಿ ಹಿಂತೆಗೆಯಲ್ಪಟ್ಟಿತು. ನೆದರ್ಲೆಂಡ್ಸಿನ ನೈಮೇಖನ್ ನಗರದ ವೈದ್ಯರು ಅದನ್ನು ಮತ್ತೆ ಬಳಕೆಗೆ ತರಲು ದುಡಿಯುತ್ತಾ ಬಂದಿದ್ದಾರೆ. ಒಳ್ಳೆಯ ಫಲಿತಾಂಶಕ್ಕೂ ಆಸ್ಪತ್ರೆಯ ಕಪಾಟಿಗೂ ನಡುವೆ ಎಷ್ಟು ವರ್ಷಗಳ ದೂರವಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕಾಗಿಯೇ, ನಮ್ಮಂಥವರ ಕೆಲಸವನ್ನು ನಂಬಿ ಇದ್ದ ಗಂಟನ್ನು ಎರಡು ತಿಂಗಳು ಬೆಳೆಯಲು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಪೆಟ್ ಸ್ಕ್ಯಾನನ್ನು ಕೆಲವರು ನ್ಯಾನೊ ಸ್ಕ್ಯಾನ್ ಎಂದು ತಿಳಿದಿರುತ್ತಾರೆ. ಅದರಲ್ಲಿ ಬಳಸುವುದು ಗ್ಲೂಕೋಸನ್ನು ಹೋಲುವ ಸಣ್ಣ ಅಣು, ಕಣವಲ್ಲ. ಗ್ರಂಥಿಯೊಳಗಿನ ಅತಿಸಣ್ಣ ಹರಡುವಿಕೆ ಅದರ ಕಣ್ಣಿಗೂ ಬೀಳದೆ ಹೋಗಬಹುದು.

ದಾವಣಗೆರೆಯಿಂದ ಮತ್ತೆ

ಎಲ್ಲರಿಗೂ ನಮಸ್ಕಾರ. ನಿಮ್ಮ ಉತ್ತರಗಳನ್ನು ಮೈದುನನಿಗೆ ಓದಿ ಹೇಳಿದೆ, ಸರ್ಜನ್ ಬಳಿಗೆ ಅವರನ್ನೂ ಕರೆದುಕೊಂಡು ಹೋದೆವು. ಬಳಸುವುದು ಸೋಸಿದ ಗಂಧಕದ ಕೊಲಾಯ್ಡ್, ಜೊತೆಗೆ ಮೀಥಿಲೀನ್ ಬ್ಲೂ. ಎರಡರಿಂದಲೂ ಗ್ರಂಥಿ ಸಿಗದಿದ್ದರೆ ಕಂಕುಳಿನ ಕೆಳಭಾಗದ ಗ್ರಂಥಿಗಳನ್ನು ತೆಗೆದು ನೋಡುತ್ತಾರಂತೆ, ಉಳಿದವನ್ನು ತೆಗೆಯುವ ತೀರ್ಮಾನ ಪೂರ್ತಿ ವರದಿ ಬಂದ ಮೇಲೆಯೇ. ಮಾತ್ರೆಗಳ ಚೀಟಿ ನೋಡಿ, ಬಿಪಿ ಮತ್ತು ಥೈರಾಯ್ಡ್ ಮಾತ್ರೆಗಳಷ್ಟೇ ಇರುವುದರಿಂದ ತೊಂದರೆಯಿಲ್ಲ ಎಂದರು. ಮುಂದಿನ ಗುರುವಾರ ದಿನಾಂಕ ಕೊಟ್ಟಿದ್ದಾರೆ. ಹದಿನಾರರಲ್ಲಿ ಒಂದು ಪಾಲಿನ ಲೆಕ್ಕವನ್ನು ಅತ್ತೆಯವರು ಬೆರಳಲ್ಲಿ ಎಣಿಸಿಕೊಂಡು, ಹಾಗಾದರೆ ಶನಿವಾರಕ್ಕೆ ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದೇ ಎಂದು ಡಾಕ್ಟರನ್ನೇ ಕೇಳಿದರು. ಗಾಯಕ್ಕೆ ತಾಗದಂತೆ ಬಲಗಡೆ ಮಲಗಿಸಿಕೊಳ್ಳಿ ಎಂದರು.